ಹೌರೆನರಿಗೆ ‘ರಿ’ ಹಚ್ಚಿದ ಮಳೆಗಾಲ

ಮೊನ್ನೆ ಒಂದಿಷ್ಟು ಬಿಸಿಲು ಬಿದ್ದ ಕೂಡಲೇ ಪೆಟ್ಟಿಗೆಯಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಮಾಳಿಗೆಯ ಮೇಲೆ ಹರವಿದೆ. ಹಳೆಯ ಸೀರೆ, ಧೋತರಗಳನ್ನು ತುಂಡು ತುಂಡಾಗಿ ಸೇರಿಸಿ ಹೊಲಿದ ಆ ಹೊದಿಕೆಗಳಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಾಸನೆ ಬಂದಿರುತ್ತದೆ. ಹಸಿ ಗೋಡೆಯದ್ದು, ಡಾಂಬರು ಗುಳಿಗೆಯದ್ದು, ಹಳೆಯ ಹತ್ತಿಯದ್ದು ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಆಳಂದದ ನಮ್ಮ ಮಾಳಿಗೆಯಲ್ಲಿ ನಿಂತಿದ್ದವಳು ಜೇವರ್ಗಿಯ ಒಂದು ಸಣ್ಣ ಕೋಣೆಗೆ ಹೋಗಿಬಿಟ್ಟೆ. ನಾಲ್ಕೂ ಗೋಡೆಗೆ ಕೌದಿ ತೂಗುಬಿಟ್ಟಿದ್ದ ಕೋಣೆ ಅದು. ಒಂದು ಮಳೆಗಾಲದಲ್ಲಿ ಅಲ್ಲಿ ಕುಳಿತು ನಾವು ಮೂವರು ಒಂದು ಅಳಿದುಹೋದ ಜನಾಂಗಕ್ಕೆ ಮಾತು ಕೊಟ್ಟೆವು. ಸುಮ್ಮನೆ ಕೊಡಲಿಲ್ಲ, ಜಗಳವಾಡಿ ಕೊಟ್ಟೆವು.

ಆ ವರ್ಷ ಹಿರೋಳ್ಳಿಯ ಶಾಲೆಯಲ್ಲಿ ನನ್ನ ಅತಿಥಿ ಶಿಕ್ಷಕಿಯ ಅವಧಿ ಮುಗಿದಿತ್ತು. ಮರಾಠಿ ಬೆರೆಸಿ ಮಾತಾಡುವ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುತ್ತ, ಅವರಿಂದ ಬೈಗುಳ ಕಲಿಯುತ್ತ ಚೆನ್ನಾಗಿಯೇ ಇದ್ದೆ. ಮನೆಯಲ್ಲಿ ಕೂತಾಗ ಗೆಳತಿಯೊಬ್ಬಳು ಅನುವಾದದ ಕೆಲಸವೊಂದನ್ನು ದಾಟಿಸಿದಳು. ಬೆಂಗಳೂರಿನ ಸ್ಟುಡಿಯೋ ಒಂದು ಹೊರದೇಶದ ವಿಡಿಯೋ ಗೇಮನ್ನು ಕನ್ನಡಕ್ಕೆ ತರುತ್ತಿತ್ತು. ಗೇಮ್ ಅಂದರೆ ಹುಡುಗರು ಪರೀಕ್ಷೆ ಬಿಟ್ಟು ಆಡುವ ವಸ್ತು ಎಂದಷ್ಟೇ ನನಗೆ ಗೊತ್ತಿತ್ತು. ಅದರಲ್ಲಿ ಇಷ್ಟೊಂದು ಓದುವುದಿರುತ್ತದೆ, ಕೋಟೆಯ ಗೋಡೆಯ ಮೇಲೆ ಶಾಸನ, ಕಪಾಟಿನಲ್ಲಿ ಪುಸ್ತಕ, ಸತ್ತವನ ಕಿಸೆಯಲ್ಲಿ ಪತ್ರ ಎಲ್ಲ ಇರುತ್ತವೆ ಎಂದು ಯಾರೂ ಹೇಳಿರಲಿಲ್ಲ.

ಕಥೆ ಇಷ್ಟು. ಆ ಲೋಕದ ನಕ್ಷೆಯಲ್ಲಿ ಮೇಲಕ್ಕೆ ಹೋದರೆ ಹಿಮ. ಹಿಮದ ಆಚೆ, ತೀರಾ ಉತ್ತರದಲ್ಲಿ, ಹೌರೆನರೆಂಬ ಜನ ಒಂದು ಕಾಲಕ್ಕೆ ಕಲ್ಲಿನ ಊರುಗಳನ್ನು ಕಟ್ಟಿ, ಮಂಜುಗಡ್ಡೆಯ ಕೆಳಗೆ ಕಾಲುವೆ ತೋಡಿ ಬಾಳಿದ್ದರು. ಆಮೇಲೆ ಒಮ್ಮೆಲೇ ಇಲ್ಲವಾದರು. ಹೇಗೆ ಇಲ್ಲವಾದರು ಎಂಬುದನ್ನು ಬರೆದವರು ದಕ್ಷಿಣದ ರಾಜ್ಯದ ಪಂಡಿತರು. ಅವರ ಪ್ರಕಾರ ಹೌರೆನರು ಒರಟರು, ತಮ್ಮೊಳಗೇ ಬಡಿದಾಡಿ ಸತ್ತರು. ಉಳಿದ ಕೆಲವರು ಗುಹೆ ಸೇರಿ, ಕುರುಡಾಗಿ, ಮೃಗಗಳಾದರು. ಆಟ ಆಡುವವನು ದಕ್ಷಿಣದ ಒಬ್ಬ ಸಿಪಾಯಿ. ಗುಹೆಗಳನ್ನು ಹೊಕ್ಕು ಆ ಉಳಿದವರನ್ನು ಕೊಲ್ಲುತ್ತ, ಅವರ ನಿಧಿಯನ್ನು ದೋಚುತ್ತ ಮುಂದೆ ಹೋಗಬೇಕು.

ಪಂಡಿತರ ಪುಸ್ತಕವನ್ನು ನನಗಿಂತ ಮೊದಲೇ ಯಾರೋ ಅನುವಾದಿಸಿಟ್ಟಿದ್ದರು. ಅದರ ಮೊದಲ ಸಾಲಿನಲ್ಲೇ ‘ಹೌರೆನರೆಂಬ ಹಿಂದುಳಿದ ಜನಾಂಗ’ ಎಂದಿತ್ತು. ನನಗೆ ಮೈ ಉರಿಯಿತು. ನಾನು ಹುಟ್ಟಿದಾಗಿನಿಂದ ನಮ್ಮ ಭಾಗದ ಹೆಸರಿನ ಮುಂದೆ ಈ ವಿಶೇಷಣ ಅಂಟಿಕೊಂಡೇ ಇದೆ. ಭಾಗದ ಹೆಸರು ಬದಲಾಯಿತು, ವಿಶೇಷಣ ಹಾಗೇ ಉಳಿಯಿತು. ಇನ್ನು ಹಿಮದಲ್ಲಿ ಸತ್ತವರಿಗೂ ಅದನ್ನೇ ಹಚ್ಚಬೇಕೇ? ‘ಹಿಂದುಳಿದ’ ತೆಗೆದು ‘ಹಿಂದಕ್ಕೆ ಉಳಿದ’ ಎಂದು ಬರೆದೆ. ಅದನ್ನು ಯಾರೂ ಗಮನಿಸಲಿಲ್ಲ.

ಆಷಾಢ ಹತ್ತುವ ಹೊತ್ತಿಗೆ ಸ್ಟುಡಿಯೋದಿಂದ ಒಂದು ಫೋನ್ ಬಂತು. ಕೆಲಸ ನೋಡಿಕೊಳ್ಳುತ್ತಿದ್ದವನ ಹೆಸರು ಶ್ರೀನಿಧಿ. ಮೃದುವಾಗಿ ಮಾತಾಡುವ, ಯಾವಾಗಲೂ ನಿದ್ದೆಗೆಟ್ಟಿರುವ ಹುಡುಗ.

“ಮೇಡಂ, ಗುಹೆಯ ಹೌರೆನರಿಗೆ ನಿಮ್ಮ ಕಡೆ ಭಾಷೆ ಹಾಕೋಣ ಅಂತಿದೀವಿ. ನಾರ್ತ್ ಜನ ಅಲ್ವಾ, ಸೂಟ್ ಆಗುತ್ತೆ. ಅಲ್ಲಿಯವರದೇ ಧ್ವನಿ ಸಿಗುತ್ತಾ?”

ಉಬ್ಬಿಹೋದೆ. ಸಿನಿಮಾದಲ್ಲಿ ನಮ್ಮ ಮಾತು ಹೇಗೆ ಬರುತ್ತದೆ ಎಂಬುದನ್ನು ಆ ಕ್ಷಣಕ್ಕೆ ಮರೆತೆ. “ಸಿಗ್ತಾವ್ರಿ, ಯಾಕ ಸಿಗಂಗಿಲ್ಲ,” ಎಂದುಬಿಟ್ಟೆ.

ಕಾಲೇಜಿನಲ್ಲಿ ನನ್ನ ಜೊತೆ ಓದಿದ ರಫೀಕ್ ಜೇವರ್ಗಿಯಲ್ಲಿ ಮದುವೆಯ ವಿಡಿಯೋ ಮಾಡುತ್ತಾನೆ. ಆಷಾಢದಲ್ಲಿ ಮದುವೆ ಇರುವುದಿಲ್ಲವಾದ್ದರಿಂದ ಅವನ ಅಂಗಡಿ ಖಾಲಿ ಇತ್ತು, ಒಳ್ಳೆಯ ಮೈಕೂ ಇತ್ತು. ಆದರೆ ಹಿಂದಿನ ಕೋಣೆಯಲ್ಲಿ ಮಾತಾಡಿದರೆ ತಗಡಿನ ಮೇಲೆ ಬಡಿದಂತೆ ಮಾರ್ದನಿ ಬರುತ್ತಿತ್ತು. ಅವನ ತಾಯಿ ಮನೆಯ ಕೌದಿಗಳನ್ನೆಲ್ಲ ತಂದು ಮೊಳೆ ಹೊಡೆದು ತೂಗುಬಿಟ್ಟರು. ಸಾಲದ್ದಕ್ಕೆ ನಾನು ಆಳಂದದಿಂದ ಐದು ಒಯ್ದೆ. ಮಾರ್ದನಿ ಸತ್ತಿತು, ಜೊತೆಗೆ ಗಾಳಿಯೂ ಸತ್ತಿತು.

ಗುಹೆಯ ಗಂಡಸರಿಗೆಲ್ಲ ರಫೀಕ್, ಹೆಂಗಸರಿಗೆಲ್ಲ ನಾನು. ಹೌರೆನರ ಕೊನೆಯ ಮುದುಕಿಗೆ ಮತ್ತು ವಯಸ್ಸಾದ ಧ್ವನಿಗಳಿಗೆ ನನ್ನ ಅತ್ತೆ ಚಂದಮ್ಮ. ಅಪ್ಪನ ಅಕ್ಕ ಆಕೆ, ಅಫಜಲಪುರದವಳು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ, ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ಗಂಟಲಿಗೆ ಒಂದು ಗಟ್ಟಿತನ ಬಂದಿದೆ. ಗಿರಣಿಗೆ ಜೋಳ ತಂದ ಕೂಸಿಗೂ, ಭಿಕ್ಷಕ್ಕೆ ಬಂದವನಿಗೂ, ಸಾಹೇಬನಿಗೂ ಆಕೆಯದು ಒಂದೇ ಮಾತು: “ಬರ್ರಿ, ಕುಂದರ್ರಿ.” ಕೊರಳಲ್ಲಿ ಲಿಂಗ ಇರುವವರು ಯಾರಿಗೂ ಏಕವಚನ ಆಡಬಾರದೆಂದು ಅವಳಿಗೆ ಅವಳ ಅಜ್ಜ ಹೇಳಿಕೊಟ್ಟಿದ್ದನಂತೆ. ಸ್ವಂತ ಮಂದಿಗೆ ಮಾತ್ರ ವಿನಾಯಿತಿ. ನಮ್ಮನ್ನೆಲ್ಲ ಅವಳು ಚೆನ್ನಾಗಿಯೇ ಬೈಯುತ್ತಾಳೆ.

“ಹೌರೆನರು ಅಂದ್ರ ಯಾರು? ಹವರಣ್ಣನವ್ರೇನ?” ಎಂದು ಕೇಳಿದಳು. ಕೊನೆಯವರೆಗೂ ಅವಳ ಬಾಯಲ್ಲಿ ಅವರು ಹವರಣ್ಣನವರೇ.

ಸ್ಟುಡಿಯೋದವರು ಗುಹೆಯ ಮಾತುಗಳನ್ನು ತಾವೇ ಬರೆದು ಕಳಿಸಿದ್ದರು. ನಾವು ಓದಿದರೆ ಸಾಕು. ಮೊದಲ ದಿನ ಹೊರಗೆ ಜಿಟಿಜಿಟಿ ಮಳೆ. ಅತ್ತೆಯನ್ನು ಮೈಕಿನ ಮುಂದೆ ಕೂಡಿಸಿ ಮೊದಲ ಸಾಲನ್ನು ಓದಿ ಹೇಳಿದೆ: ‘ಏಯ್, ಯಾರಲೇ ಅಂವ? ಬಾರಲೇ ಒಳಗ, ಕಡೀತೀನಿ ಮಗನ!’

ಅತ್ತೆ ತಲೆದೂಗಿ, ಸೆರಗು ಸರಿಮಾಡಿಕೊಂಡು, ಗಂಟಲೇರಿಸಿ ಅಂದಳು: “ಏಯ್, ಯಾರ್ರಿ ಅವ್ರು? ಬರ್ರಿ ಒಳಗ, ಕಡೀತೇನ್ರಿ!”

ರಫೀಕ್ ನಕ್ಕ ರಭಸಕ್ಕೆ ಅವನ ಕಿವಿಯ ಹೆಡ್‌ಫೋನ್ ಕೆಳಗೆ ಬಿತ್ತು. ಮತ್ತೆ ಹೇಳಿಕೊಟ್ಟೆ. ಎರಡನೇ ಸಲ ‘ಬಾರಲೇ’ ಎನ್ನಲು ಹೋಗಿ “ಬಾರ... ಬರ್ರಿ” ಎಂದಳು. ಹತ್ತನೇ ಸಲಕ್ಕೂ ಅದೇ. ನಾಲಿಗೆ ಹೊರಳುವುದೇ ಇಲ್ಲ.

“ಯಾರ ಅಂವ?” ಎಂದು ಕೇಳಿದಳು ಕೊನೆಗೆ.

“ಸಿಪಾಯಿ. ಗುಹಾದಾಗ ಬಂದಾನ. ಗುರ್ತ ಇಲ್ಲ.”

“ಗುರ್ತ ಇಲ್ದಾವ್ರಿಗೆ, ಮನಿ ಬಾಗಲಕ ಬಂದಾವ್ರಿಗೆ ‘ಲೇ’ ಅಂತಾರೇನ ಹುಚ್ಚಿ? ನಾ ಒಲ್ಲೆ. ಕಡೀತೇನಿ ಬೇಕಾದ್ರ ಅಂತೇನಿ, ‘ಲೇ’ ಅನ್ನಂಗಿಲ್ಲ.”

ಆಗಲಿ, ಹೋಗಲಿ ಎಂದು ಅವನ್ನೇ ಕಳಿಸಿದೆವು. ಎರಡು ದಿನ ಬಿಟ್ಟು ಎಲ್ಲವೂ ತಿರಸ್ಕೃತವಾಗಿ ವಾಪಸ್ ಬಂದವು. ಹಿಂದೆಯೇ ಶ್ರೀನಿಧಿಯ ಫೋನ್.

“ಮೇಡಂ, ಇದೇನಿದು ‘ಕಡೀತೇನ್ರಿ’? ಇವ್ರು ಕಾಡುಜನ. ರಫ್ ಆಗಿರ್ಬೇಕು, ಸ್ವಲ್ಪ ಕಾಮಿಡಿ ಇರ್ಬೇಕು. ನಿಮ್ಮ ಭಾಷೆ ರಫ್ ಅಂತಾನೇ ತಗೊಂಡಿದ್ದು. ಸಿನಿಮಾದಲ್ಲಿ ಬರುತ್ತಲ್ಲ, ಹಾಗೆ.”

“ಹಂಗ ಮಾತಾಡಾವ್ರು ಸಿನಿಮಾದಾಗ ಅಷ್ಟ ಇರ್ತಾರ್ರಿ. ನಮ್ಮ ಊರಾಗ ಇಲ್ಲ.”

“ಇಲ್ಲಿ ಜನ ನಗ್ಬೇಕು ಮೇಡಂ.”

ಫೋನ್ ಇಟ್ಟೆ. ಸಿಟ್ಟು ಅವನ ಮೇಲೆ ಎಷ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ‘ಸಿಗ್ತಾವ್ರಿ’ ಎಂದು ಹೇಳಿದವಳು ನಾನು. ಅತ್ತೆಯನ್ನು ಅಫಜಲಪುರದಿಂದ ಎಬ್ಬಿಸಿಕೊಂಡು ಬಂದು, ಊರವರೆಲ್ಲ ನಗಲಿ ಎಂದು ಮೈಕಿನ ಮುಂದೆ ಕೂಡಿಸಿದವಳೂ ನಾನೇ.

ಆ ಮಧ್ಯಾಹ್ನ ಮೂಲದ ಹಾಳೆ ತೆಗೆದು ನೋಡಿದೆ. ಗೇಮಿನ ಮಾತುಗಳು ಅನುವಾದಕರಿಗೆ ಕಥೆಯ ಸಾಲಿನಲ್ಲಿ ಬರುವುದಿಲ್ಲ. ಯಾರು ಯಾರಿಗೆ ಎಲ್ಲಿ ಹೇಳಿದರು ಎಂಬುದಿಲ್ಲದೆ, ಒಂದರ ಕೆಳಗೊಂದು, ಕಲಸಿಹೋಗಿ ಬರುತ್ತವೆ. ‘ಕಡೀತೀನಿ ಮಗನ’ ಎಂದಿದ್ದ ಸಾಲಿನ ಮೂಲವನ್ನು ಹುಡುಕಿದಾಗ ಸಿಕ್ಕಿದ್ದು ಇದು: ‘ಯಾರು ಎನ್? ಒಳಗೆ ಬನ್ನಿ ಎನ್. ಮೆಟ್ಟಿಲು ಜಾರುತ್ತದೆ ಎನ್.’ ಕಡಿಯುವ ಮಾತೇ ಇಲ್ಲ! ಹೌರೆನರ ಪ್ರತಿ ಸಾಲಿನ ಕೊನೆಗೂ ಆ ‘ಎನ್’ ಎಂಬ ಬಾಲ. ಪಕ್ಕದಲ್ಲಿ ಸ್ಟುಡಿಯೋದವರ ಟಿಪ್ಪಣಿ: ‘ಅರ್ಥವಿಲ್ಲದ ಬೊಗಳುವಿಕೆ, ಬಿಟ್ಟುಬಿಡಿ.’

ಬೊಗಳುವಿಕೆ ಎಂಬ ಪದ ನನ್ನನ್ನು ಕೂಡಲು ಬಿಡಲಿಲ್ಲ. “ಏ ರಫೀಕ್, ಇದನ್ನ ಪೂರಾ ಆಡಿ ನೋಡೂಣು,” ಎಂದೆ.

ಅವನು ಆಡಿದ, ನಾನು ಪಕ್ಕದಲ್ಲಿ ಕುಳಿತು ಓದಿದೆ. ದಿನಾ ಮುಂಜಾನೆ ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ. ಬಸ್ಸಿನ ಕಿಟಕಿಯಿಂದ ನೋಡಿದರೆ ತೊಗರಿ ಸಸಿಗಳು ಮೊಣಕಾಲು ನೀರಿನಲ್ಲಿ ನಿಂತಿರುತ್ತಿದ್ದವು. ಇಳಿದರೆ ಎರೆಮಣ್ಣು ಚಪ್ಪಲಿಯನ್ನು ಕಿತ್ತುಕೊಳ್ಳುತ್ತಿತ್ತು. ಕೋಣೆಯಲ್ಲಿ ಹಿಮ ಸುರಿಯುತ್ತಿತ್ತು. ಗುಹೆಯೊಳಗೆ ಹೌರೆನರು ಎರಡೂ ಕೈ ಮುಂದೆ ಚಾಚಿ ಓಡಿ ಬರುತ್ತಿದ್ದರು. ಹತ್ತಿರ ಬಂದೊಡನೆ ರಫೀಕ್ ಕಡಿಯುತ್ತಿದ್ದ. ಕಡಿಯದೆ ಬಿಡಲು ಯಾವ ಆಟಗಾರನಿಗೂ ತೋಚುವುದಿಲ್ಲ, ಅಷ್ಟು ಜೋರಾಗಿ ಬರುತ್ತಾರೆ. ಪ್ರತಿಯೊಬ್ಬರೂ ಬೀಳುವ ಮೊದಲು ಏನೋ ಹೇಳಿ, ಕೊನೆಗೆ ‘ಎನ್’ ಅನ್ನುತ್ತಿದ್ದರು. ಅತ್ತೆ ಹಿಂದೆ ಕುಳಿತು ಶೇಂಗಾ ಸುಲಿಯುತ್ತ, “ಅಯ್ಯ, ಬಂದಾವ್ರನ್ನೆಲ್ಲ ಕಡೀಲಾಕತ್ತಾನಲ್ಲ ಇಂವ,” ಎಂದು ರಫೀಕ್‌ನ ಬೆನ್ನಿಗೆ ಸಿಪ್ಪೆ ಎಸೆಯುತ್ತಿದ್ದಳು.

ಆರನೇ ದಿನ ಕೊನೆಯ ಊರನ್ನು ತಲುಪಿದೆವು. ಅಲ್ಲಿ ಹೌರೆನರು ತಾವೇ ಕೆತ್ತಿದ ಒಂದು ಕಲ್ಲು ಇತ್ತು. ಮಕ್ಕಳಿಗೆ ಮಾತು ಕಲಿಸುವ ಕಲ್ಲು ಅದು. ‘ಎದುರಿಗಿರುವವರು ನಿನಗಿಂತ ದೊಡ್ಡವರೆಂದು ತಿಳಿ. ಅವರಿಗೆ ಆಡುವ ಪ್ರತಿ ಮಾತಿಗೂ ‘ಎನ್’ ಸೇರಿಸು. ಗುರುತಿಲ್ಲದವರಿಗೆ ಎಂದೂ ಬಿಡಬೇಡ.’ ಅದರ ಕೆಳಗೆ ಇನ್ನೊಂದು ಸಾಲು: ‘ಹೊರಗಿನಿಂದ ಬಂದವರಿಗೆ ಮೆಟ್ಟಿಲು ಕಾಣದು. ಕೈ ಚಾಚಿ ಓಡು, ಬೀಳುವ ಮೊದಲು ಹಿಡಿ.’

ರಫೀಕ್ ಕೈಯಲ್ಲಿದ್ದ ಆಟದ ಕಂಟ್ರೋಲರ್ ಕೆಳಗಿಟ್ಟ. “ಅಂದ್ರ... ನನಗ ಹಿಡೀಲಾಕ ಬರಾಕತ್ತಿದ್ರೇನ?” ಎಂದ. ನನಗೆ ಅಳು ಬಂದಿತ್ತು. ಪರದೆಯ ಮೇಲಿನ, ಯಾರೋ ಬರೆದು ಹುಟ್ಟಿಸಿದ ಜನಕ್ಕಾಗಿ ಮೂವತ್ತೈದು ದಾಟಿದ ನಾನು ಮೂಗೊರೆಸಿಕೊಳ್ಳುತ್ತ ಕುಳಿತಿದ್ದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಸ್ಟುಡಿಯೋದವರ ಟಿಪ್ಪಣಿ ಎಲ್ಲಿಂದ ಬಂದಿತ್ತೆಂಬುದೂ ಆಗ ತಿಳಿಯಿತು. ‘ಬೊಗಳುವಿಕೆ’ ಎಂಬುದು ಆಟದೊಳಗಿನ ದಕ್ಷಿಣದ ಪಂಡಿತನ ಮಾತು. ಅವನು ಸುಳ್ಳುಗಾರನೆಂದು ಆಟವೇ ಕೊನೆಗೆ ತೋರಿಸುತ್ತದೆ. ಇವರು ಅಲ್ಲಿಯವರೆಗೆ ಆಡಿಯೇ ಇರಲಿಲ್ಲ. ಸುಳ್ಳನ್ನು ನಿಜವೆಂದು ನಂಬಿ, ನಮ್ಮ ಮಾತಿನಲ್ಲಿ ಅದಕ್ಕೆ ಕಾಮಿಡಿ ಬರೆದಿದ್ದರು. ನಾನು ಎರಡು ತಿಂಗಳು ಹುಡುಕಿದ್ದರೂ ‘ಎನ್’ಗೆ ಕನ್ನಡ ಸಿಗುತ್ತಿತ್ತೋ ಇಲ್ಲವೋ. ಅತ್ತೆ ಕಲ್ಲನ್ನೂ ಓದದೆ, ಹಾಳೆಯನ್ನೂ ನೋಡದೆ, ಮೊದಲ ದಿನವೇ ತಪ್ಪು ಮಾಡಿ ಸರಿಯಾದದ್ದನ್ನೇ ಅಂದಿದ್ದಳು.

ಗುಹೆಯ ಎಲ್ಲ ಸಾಲುಗಳನ್ನೂ ಮೂಲದಿಂದ ಹೊಸದಾಗಿ ಬರೆದೆ. ಪ್ರತಿ ‘ಎನ್’ಗೂ ಒಂದು ‘ರಿ’. ‘ಯಾರ್ರಿ? ಒಳಗ ಬರ್ರಿ. ಪಾವಟಗಿ ಜಾರ್ತಾವ್ರಿ.’ ಮೂವರೂ ಕೂಡಿ ಹಾಡಿದಂತೆ ಹೇಳಿ ಮುಗಿಸಿದೆವು. ಅತ್ತೆ ಒಂದೊಂದು ಸಾಲಿಗೂ ಒಂದೇ ಟೇಕ್. ಕಳಿಸಿದ ಮರುದಿನ ಶ್ರೀನಿಧಿ ವಿಡಿಯೋ ಕಾಲ್ ಮಾಡಿದ.

“ಮೇಡಂ, ಚೆನ್ನಾಗಿದೆ, ಆದ್ರೆ ಇದು ನಾವು ಕೇಳಿದ್ದಲ್ಲ. ಟೈಮ್ ಇಲ್ಲ. ಇಲ್ಲೇ ಒಬ್ಬ ಮಿಮಿಕ್ರಿ ಆರ್ಟಿಸ್ಟ್ ಇದಾರೆ, ಎಲ್ಲಾ ವಾಯ್ಸೂ ಅವ್ರೇ ಮಾಡ್ತಾರೆ. ಕೊನೆ ಅಜ್ಜಿದು ಮಾತ್ರ ನಿಮ್ಮದು ಇಟ್ಕೊಳ್ಳೋಣ.”

“ಅಜ್ಜಿನೂ ಗುಹಾದಾವ್ರೂ ಒಂದ ಮಂದಿ ಅದಾರ್ರಿ. ಅಜ್ಜಿಗೆ ‘ರಿ’ ಇಟ್ಟು, ಅಕಿ ಮಕ್ಕಳಿಗೆ ‘ಲೇ’ ಹಚ್ಚಿದ್ರ ಕಥಿನೇ ಉಳಿಯಂಗಿಲ್ಲ.”

“ಅಷ್ಟೆಲ್ಲ ಯಾರು ನೋಡ್ತಾರೆ ಮೇಡಂ?”

“ನಾ ನೋಡ್ತೇನಿ. ಇಟ್ರ ಎಲ್ಲಾ ಇಡ್ರಿ, ತಗದ್ರ ಎಲ್ಲಾ ತಗೀರಿ. ಅಜ್ಜಿನೂ ತಗೀರಿ, ನನ್ನ ಹೆಸರೂ ತಗೀರಿ.”

ಅಷ್ಟಕ್ಕೇ ನನ್ನ ಬಾಯಿ ನಿಲ್ಲಲಿಲ್ಲ. “ಒಂದ ಮಾತು ಕೇಳ್ರಿ. ನೀವು ಕೊನೀತನ ಆಡ್ರಿ. ಆಡಿದ ಮ್ಯಾಲೂ ನಿಮಗ ‘ಲೇ’ನೇ ಬೇಕನಿಸಿದ್ರ ನಾನೇ ಕುಂತು ‘ಲೇ’ ಹಚ್ಚಿ ಕೊಡ್ತೇನಿ.”

ಹೇಳಿದ ಮೇಲೆ ರಫೀಕ್ ತಲೆಗೆ ಕೈ ಹಚ್ಚಿದ. “ಹುಚ್ಚಿ ಅದಿ ಏನ? ಅಂವ ಆಡದನ ಆಡೀನಿ ಅಂದ್ರ?” ಎಂದ. ಅದು ನನಗೂ ಹೊಳೆದಿರಲಿಲ್ಲ.

ಆಮೇಲಿನ ನಾಲ್ಕು ದಿನ ಮಳೆ ಬಿಡಲಿಲ್ಲ. ಭೀಮಾ ತುಂಬಿ, ಅಫಜಲಪುರದ ದಾರಿ ಬಂದಾಯಿತು. ಅತ್ತೆ ರಫೀಕ್‌ನ ಮನೆಯಲ್ಲೇ ಉಳಿದಳು, ನಾನೂ ಉಳಿದೆ. ಮುಂಜಾನೆ ಕೌದಿ ಕೋಣೆಯಲ್ಲೇ ಕುಳಿತು ಅವಳ ಲಿಂಗಪೂಜೆ. ರಫೀಕ್‌ನ ತಾಯಿ ಹೊಸ ಗಡಿಗೆ ತಂದು, ಅವಳ ಕೈಯಲ್ಲೇ ಬೇಳೆ ಕುದಿಸಲು ಕೊಟ್ಟು, ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿದರು. ಇಬ್ಬರೂ ಒಬ್ಬರಿಗೊಬ್ಬರು ‘ರಿ’ ಹಚ್ಚುತ್ತಲೇ ಗಿರಣಿ, ಮೊಣಕಾಲು, ಸೊಸೆಯಂದಿರ ವಿಷಯ ಮಾತಾಡಿದ್ದೇ ಮಾತಾಡಿದ್ದು. ನಾನು ಮಾತ್ರ ಫೋನ್ ಹಿಡಿದು ಬಾಗಿಲಿಗೂ ಕಿಟಕಿಗೂ ತಿರುಗಾಡಿದೆ. ಸೋತರೆ ಆ ಎಲ್ಲ ಬಾಯಿಗಳಿಗೂ ‘ಲೇ ಮಗನ’ ಎಂದು ತುರುಕಬೇಕಾದವಳು ನಾನೇ. ಮಾತು ಕೊಟ್ಟಾಗಿತ್ತು.

ಐದನೇ ದಿನ ಮುಂಜಾನೆ ಫೋನ್ ಬಂತು. ಶ್ರೀನಿಧಿಯದು.

“ನಾನು ಲೆಕ್ಕ ಇಲ್ಲದಷ್ಟು ಜನನ್ನ ಹೊಡ್ದಿದೀನಿ ಮೇಡಂ. ಆ ಕಲ್ಲು ಓದೋವರೆಗೂ ನಗ್ತಾನೇ ಹೊಡ್ದೆ.” ಮತ್ತೆ ಕೆಲಸದ ಮಾತಿಗೆ ಬಂದ. “‘ರಿ’ ಇಟ್ಕೊಳ್ಳೋಣ. ಗುಹೇಲಿ ಅಲ್ಲೊಂದು ಇಲ್ಲೊಂದು ಕಡಿಮೆ ಮಾಡೋಣ್ವಾ? ತುಂಬಾ ಆಯ್ತು ಅಂತ ನಮ್ಮ ಸಾಹೇಬ್ರು...”

“ಒಂದೂ ಕಡಿಮಿ ಆಗಂಗಿಲ್ರಿ.”

“ಆಯ್ತು,” ಎಂದ. ಆಮೇಲೆ, ರೂಢಿಯಿಲ್ಲದ ನಾಲಿಗೆಯಲ್ಲಿ, “ಆಯ್ತ್ರಿ,” ಎಂದು ಸೇರಿಸಿದ. ನಾನು ಫೋನ್ ಇಟ್ಟು ಕುಣಿದೆ. ಖಂಡಿತ ಕುಣಿದೆ.

ಧ್ವನಿ ಕೊಡುವುದು ಉಳಿದದ್ದು ಮುದುಕಿಯ ಕೊನೆಯ ಸಾಲೊಂದೇ. ಆಟದ ಕಟ್ಟಕಡೆಗೆ, ಎಲ್ಲ ತಿಳಿದ ಸಿಪಾಯಿ ಆ ಮುದುಕಿಯ ಮುಂದೆ ಮೊಣಕಾಲೂರಿ ಕ್ಷಮೆ ಕೇಳುತ್ತಾನೆ. ಅವಳು ‘ಇನ್ನು ಹೋಗಿ ಎನ್’ ಎಂದಷ್ಟೇ ಹೇಳಿ ಕಣ್ಣು ಮುಚ್ಚುತ್ತಾಳೆ. ಬರೆದವರು ಕೊಂದವನಿಗೂ ಅಲ್ಲಿ ‘ಎನ್’ ಕೊಟ್ಟಿದ್ದರು. ನಾನು ‘ಇನ್ನ ಹೋಗ್ರಿ’ ಎಂದು ಬರೆದಿದ್ದೆ, ಶ್ರೀನಿಧಿ ಒಪ್ಪಿದ್ದ. ಓದಿ ಹೇಳಿದೆ. ಅತ್ತೆ ಮೈಕಿನ ಮುಂದೆ ಕುಳಿತು, “ಯಾರಿಗೆ ಅನ್ಬೇಕು?” ಎಂದು ಕೇಳಿದಳು.

“ಆ ಸಿಪಾಯಿಗೆ. ಗುಹಾದಾಗ ಅವ್ರನ್ನೆಲ್ಲ ಕಡದಾನಲ್ಲ, ಅವಂಗ.”

“ಎಲ್ಲಾರ್ನೂ ಅವನ ಕಡದಾನ?”

“ಎಲ್ಲಾರ್ನೂ.”

“ಈಗ ಏನ ಬೇಕಂತ?”

“ಮಾಫಿ ಬೇಡಾಕತ್ತಾನ.”

ಅತ್ತೆ ಮೊದಲ ದಿನದಂತೆ ಸೆರಗು ಸರಿಮಾಡಿಕೊಂಡಳು. ಹೊರಗೆ ಮಳೆ ನಿಂತಿತ್ತು. ರಫೀಕ್ ಬೆರಳೆತ್ತಿ ಸನ್ನೆ ಮಾಡಿದ. ಗಿರಣಿಯ ಗಂಟಲನ್ನು ಒಂದಿಷ್ಟೂ ಏರಿಸದೆ ಅವಳು ಅಂದಳು:

“ಇನ್ನ ಹೋಗು.”

ಒಂದು ‘ರಿ’ಯೂ ಕಡಿಮೆಯಾಗದೆಂದು ಊರಿಗೆಲ್ಲ ಕೇಳುವಂತೆ ಹಟ ಹಿಡಿದವಳು ನಾನು. ಮೆಲ್ಲಗೆ ಹೇಳಿದೆ, “ಅತ್ತಿ, ‘ರಿ’ ಬಿಟ್ಟಿ ನೋಡು.”

“ಬಿಟ್ಟಿಲ್ಲ,” ಎಂದಳು. “ತಗದೀನಿ.”

ರಫೀಕ್ ನನ್ನ ಮುಖ ನೋಡಿದ. ಇನ್ನೊಂದು ಟೇಕ್ ಬೇಡವೆಂದು ಕೈ ಆಡಿಸಿದೆ.